ಸುರಪುರ ದಾಟಿ ಹೋದ ಸೈಕಲ್ಲು

ನನ್ನ ಅಣ್ಣ ತನ್ನ ಮಾನ ಹೋದ ಸುದ್ದಿಯನ್ನು ತಾನೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದು ಶಹಾಪುರದ ಮನೆಮನೆಗೆ ಹಂಚಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಹೈದರಾಬಾದಿನ ಉರ್ದು ಪತ್ರಿಕೆಯ ಕಟ್ಟು ಯಾದಗಿರಿ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿಯುತ್ತಿತ್ತು. ಅದನ್ನು ಸೈಕಲ್ಲಿಗೆ ಬಿಗಿದುಕೊಂಡು ಭೀಮಾ ಹೊಳೆ ದಾಟಿ ಬಂದು, ವಕೀಲರ ಮನೆ, ಸಾಹುಕಾರರ ಮನೆ, ಕಚೇರಿ ಅಂತ ಬಾಗಿಲಿಗೊಂದು ಕೊಡುವುದು ಅವನ ದಿನದ ಕೆಲಸ. ಆ ದಿನ ಪತ್ರಿಕೆ ಬಿಚ್ಚಿ ನೋಡಿದವರೆಲ್ಲ ಒಮ್ಮೆ ಅವನ ಮುಖ ನೋಡಿ ಒಳಗೆ ಹೋಗುತ್ತಿದ್ದರಂತೆ. ಏನೋ ದೊಡ್ಡ ಸುದ್ದಿ ಇರಬೇಕು, ಯಾರೋ ದೊಡ್ಡವರು ಸತ್ತಿರಬೇಕು ಅಂದುಕೊಂಡು ಅವನು ಮುಂದಿನ ಬಾಗಿಲಿಗೆ ಹೋದ.

ಇದು ನಿಜಾಮರ ರಾಜ್ಯದ ಕೊನೆಯ ವರ್ಷಗಳ ಮಾತು. ಆಗ ಕಚೇರಿಯೂ ಉರ್ದು, ಸಾಲೆಯೂ ಉರ್ದು. ನಾನು ಆ ಉರ್ದುವಿನ ಜೊತೆ ಗುದ್ದಾಡಿ ಹೈದರಾಬಾದಿನಲ್ಲಿ ಬಿ.ಎ. ಪಾಸು ಮಾಡಿದ್ದೆ. ಹೇಳಿಕೊಳ್ಳಲಿಕ್ಕೆ ನನಗೇನೂ ಸಂಕೋಚವಿಲ್ಲ. ನಮ್ಮ ಮನೆತನದಲ್ಲಿ ಅಕ್ಷರ ಕಲಿತವರಲ್ಲಿ ನಾನೇ ಮೊದಲಿಗ. ಅಪ್ಪ ಹೆಬ್ಬೆಟ್ಟು ಒತ್ತುತ್ತಲೇ ಸತ್ತ. ನಮ್ಮದು ಯಾದಗಿರಿ ರಸ್ತೆಯ ಮೇಲೆ, ಶಹಾಪುರಕ್ಕೆ ಒಂದು ಹರದಾರಿ ಈಚೆಗಿನ ಹಳ್ಳಿ. ನಾನು ಶೇರವಾನಿ ತೊಟ್ಟು ಊರೊಳಗೆ ಕಾಲಿಟ್ಟ ದಿನ, ಕಟ್ಟೆ ಮೇಲೆ ಕುಂತಿದ್ದ ಗೌಡರು ಏಳಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಮತ್ತೆ ಕುಂತರು. ಆ ಅರ್ಧ ಏಳುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಅದನ್ನು ಗಳಿಸಿಕೊಟ್ಟದ್ದು ಅಣ್ಣನ ಕಾಲು. ಅವನು ತುಳಿದ, ನಾನು ಓದಿದೆ.

ಅಣ್ಣ ತುಳಿಯುತ್ತಿದ್ದ ಸೈಕಲ್ಲು ಅವನದಲ್ಲ. ಯಾದಗಿರಿ ಸ್ಟೇಶನ್ನಿನ ಎದುರು ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಒಬ್ಬ ಮುಸಲ್ಮಾನ ಹಿರಿಯರದು. ಅವರನ್ನು ನಾವು ಚಾಚಾ ಅನ್ನುತ್ತಿದ್ದೆವು. ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ಸೈಕಲ್ ಅಂಗಡಿಯವರು, ಮಂದಿ ಜಟ್ಟಿಗಳನ್ನು ಸಾಕುವ ಹಾಗೆ, ತಮ್ಮ ತಮ್ಮ ಸವಾರರನ್ನು ಇಟ್ಟುಕೊಂಡಿದ್ದರು. ನಿಜಾಮರ ಹುಟ್ಟುಹಬ್ಬಕ್ಕೆ ನಾವು ಸಾಲಗಿರಾ ಅನ್ನುತ್ತಿದ್ದೆವು. ಆ ಸಾಲಗಿರಾದ ಆಟಗಳಲ್ಲಿ ಯಾದಗಿರಿಯಿಂದ ಶಹಾಪುರದ ಮೇಲೆ ಹಾದು ಸುರಪುರದ ತನಕ ಸೈಕಲ್ಲಿನ ಓಟ ಇರುತ್ತಿತ್ತು. ಯಾರ ಸವಾರ ಗೆದ್ದನೋ ಅವರ ಅಂಗಡಿಗೆ ವರ್ಷವಿಡೀ ಗಿರಾಕಿ. ಗೆದ್ದ ಸವಾರನಿಗೆ ವರ್ಷವಿಡೀ ಸೈಕಲ್ಲು ಪುಕ್ಕಟೆ. ಸೈಕಲ್ಲು ಇದ್ದರೆ ಪತ್ರಿಕೆಯ ಕೆಲಸ, ಪತ್ರಿಕೆಯ ಕೆಲಸ ಇದ್ದರೆ ನಮ್ಮ ಮನೆ.

ನಾನು ಮೊದಲು ಹೇಳಿದ ಸುದ್ದಿಯ ಹಿಂದಿನ ವರ್ಷ ಅಣ್ಣ ಗೆದ್ದಿದ್ದ. ಆಗ ಆ ಪತ್ರಿಕೆಯೇ ಅವನನ್ನು ಶಹಾಪುರದ ಬಿರುಗಾಳಿ ಅಂತ ಹೊಗಳಿತ್ತು. ಬರೆದವರು ಶಹಾಪುರದ ಒಬ್ಬ ವಕೀಲರು. ವಕೀಲಿಕೆ ಅಷ್ಟಕ್ಕಷ್ಟೆ ಇದ್ದುದರಿಂದ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದರು. ಅವರು ಓಟವನ್ನು ತಮ್ಮ ಮಾಳಿಗೆಯ ಮೇಲಿಂದ ನೋಡಿದ್ದರು. ಅಂದರೆ ಅಣ್ಣ ಅವರ ಓಣಿಯ ಮುಂದೆ ಹಾದುಹೋಗುವ ಅಷ್ಟು ಹೊತ್ತು. ಉಳಿದದ್ದನ್ನು ಚಹಾದ ಅಂಗಡಿಯಲ್ಲಿ ಕೇಳಿ ಬರೆದಿದ್ದರು. ಹೊಗಳಿಕೆಯಾದ್ದರಿಂದ ಅದು ಸುಳ್ಳೋ ಖರೆಯೋ ಅಂತ ನಾವ್ಯಾರೂ ಕೇಳಲಿಲ್ಲ.

ಈ ಸಲ ಓಟಕ್ಕೆ ಕೆಲವು ದಿನ ಮೊದಲು ಅಣ್ಣ ಭೀಮಾದ ದಂಡೆಯಲ್ಲಿ ಸೈಕಲ್ಲು ಸಮೇತ ಬಿದ್ದು, ಮೊಣಕಾಲು ಒಡೆದು ಬದನೆಕಾಯಿ ಹಾಗೆ ಬಾತುಕೊಂಡಿತು. ಅವ್ವ ಉಪ್ಪಿನ ಶಾಖ ಕೊಟ್ಟಳು, ಎಕ್ಕದ ಎಲೆ ಕಟ್ಟಿದಳು. ಬಾವು ಇಳಿಯಲಿಲ್ಲ. ಓಟದ ದಿನ ಬೆಳಿಗ್ಗೆ ಅವನು ಕುಂಟುತ್ತಲೇ ಯಾದಗಿರಿಗೆ ಹೊರಟ. ಅವ್ವ ಶೇಂಗಾ ಬೆಲ್ಲದ ಉಂಡಿ ಕಟ್ಟಿ ಅವನ ಅಂಗಿಯ ಕಿಸೆಗೆ ಹಾಕಿ, ಓಟ ಸುರುವಾಗುವಾಗ ತಿನ್ನು ಅಂದಳು. ನಾನು ಸುರಪುರಕ್ಕೆ ಹೋದೆ. ಗೆದ್ದ ಅಣ್ಣನ ಪಕ್ಕದಲ್ಲಿ ಶೇರವಾನಿ ತೊಟ್ಟ ಬಿ.ಎ. ತಮ್ಮ ನಿಂತಿರಬೇಕು ಅಂತ ನನ್ನ ಆಸೆ.

ಸುರಪುರದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ತಹಸೀಲ್ದಾರ ಸಾಹೇಬರು, ದವಾಖಾನೆಯ ಡಾಕ್ಟರರು, ಊರ ಹಿರಿಯರು ಎಲ್ಲ ಕುಂತಿದ್ದರು. ಚಾಚಾ ಮೊದಲೇ ಬಂದು ನನ್ನ ಪಕ್ಕ ನಿಂತಿದ್ದರು. ದೂರದಲ್ಲಿ ಧೂಳು ಎದ್ದಿತು. ಅಣ್ಣನೇ ಮೊದಲು. ಎರಡನೆಯವನಾದ ಸುರಪುರದ ಸವಾರ ಎಷ್ಟೋ ಹಿಂದೆ. ಹಲಗಿ ಬಾರಿಸಿದರು. ಮಂದಿ ಕೂಗಿದರು. ಅಣ್ಣ ಬಂದ, ಅಡ್ಡ ಹಿಡಿದಿದ್ದ ಕೆಂಪು ಪಟ್ಟಿಯನ್ನು ಎದೆಯಲ್ಲಿ ಹರಿದ, ಹಾಗೇ ಮುಂದೆ ಹೋದ. ಬ್ರೇಕು ಹಾಕಲಿಲ್ಲ. ಹಿಂದೆ ನೋಡಲಿಲ್ಲ. ಕೆಂಪು ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡು ಬಜಾರಿನೊಳಗೆ ಹೊಕ್ಕು, ಬಳೆಗಾರರ ಗಂಟುಗಳ ನಡುವೆ ದಾರಿ ಮಾಡಿಕೊಂಡು, ಆ ಕಡೆಯಿಂದ ಹೊರಬಿದ್ದು ಕೆಂಭಾವಿಯ ರಸ್ತೆ ಹಿಡಿದ. ಮೊದಲು ಮಂದಿ ನಕ್ಕರು. ಗೆದ್ದ ಸೊಕ್ಕು ನೋಡ್ರಿ ಇವಂದು, ಒಂದು ಸುತ್ತು ಹಾಕಿ ಬರಾಕ ಹೋದ ಅಂದರು. ಅವನು ಬರಲಿಲ್ಲ. ತಹಸೀಲ್ದಾರರು ಬೆಳ್ಳಿಯ ಬಟ್ಟಲು ಕೈಯಲ್ಲಿ ಹಿಡಿದು ನಿಂತೇ ಇದ್ದರು.

ಚಾಚಾ ಮತ್ತು ನಾನು ಟಾಂಗಾ ಹತ್ತಿ ಬೆನ್ನು ಹತ್ತಿದೆವು. ಊರು ಬಿಟ್ಟು ಬಹಳ ದೂರ ಹೋದ ಮೇಲೆ ಸಿಕ್ಕ. ಮೆಲ್ಲಗೆ ತುಳಿಯುತ್ತಲೇ ಇದ್ದ. ಮೊಣಕಾಲಿನ ಬಟ್ಟೆ ಬಿಚ್ಚಿ ಗಾಲಿಗೆ ಬಡಿಯುತ್ತಿತ್ತು, ರಕ್ತ ಹಿಮ್ಮಡಿಯ ತನಕ ಇಳಿದಿತ್ತು. ಮುಖ ಮಾತ್ರ ಹಾಲು ಕುಡಿದ ಕೂಸಿನ ಹಾಗೆ ಸಮಾಧಾನವಾಗಿತ್ತು. ನನ್ನನ್ನು ನೋಡಿ ಕೇಳಿದ:

“ತಮ್ಮಾ, ಸುರಪುರ ಇನ್ನ ಎಷ್ಟು ದೂರ ಅದ?”

ಟಾಂಗಾದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಚಾಚಾ ನಗಲಿಲ್ಲ.

ಶಾಮಿಯಾನಕ್ಕೆ ಕರೆತಂದಾಗ ಡಾಕ್ಟರರು ಅವನ ರೆಪ್ಪೆ ಎತ್ತಿ ನೋಡಿದರು. ಬಿಸಿಲಿಗೆ ಹಾಗೆ ಕಾಣುತ್ತಿರಬಹುದು ಅಂತ ನೆರಳಿಗೆ ಕರೆದುಕೊಂಡು ಹೋಗಿ ಮತ್ತೊಮ್ಮೆ ನೋಡಿದರು. ಅಲ್ಲಿಯೂ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟೇ ಇತ್ತು. ಅಫೀಮು ತಿಂದವರ ಕಣ್ಣು ಹೀಗೆ ಇರುತ್ತದೆ ಅಂತ ಎಲ್ಲರ ಎದುರಿಗೆ ಹೇಳಿದರು. ಸುರಪುರದ ಅಂಗಡಿಯವರು ತಕ್ಷಣ ತಕರಾರು ತೆಗೆದರು. ಯಾರು ಕೊಟ್ಟರು ಅಂತ ತಹಸೀಲ್ದಾರರು ಕೇಳಿದರೆ ಅಣ್ಣ ಒಂದೇ ಮಾತು, ಗೊತ್ತಿಲ್ರಿ. ಬಟ್ಟಲು ಡಬ್ಬಿಗೆ ಹೋಯಿತು. ಶಹಾಪುರದ ಕಚೇರಿಯಲ್ಲಿ ವಿಚಾರಣೆಗೆ ಒಂದು ದಿನ ಗೊತ್ತುಮಾಡಿದರು. ನಾನು ಅಣ್ಣನಿಂದ ಸ್ವಲ್ಪ ದೂರ ನಿಂತಿದ್ದೆ.

ಅದಾದ ಮೇಲೆ ಬಂದದ್ದು ಆ ಪತ್ರಿಕೆ. ಅಣ್ಣ ಹಂಚಿ ಮುಗಿಸಿ, ಉಳಿದ ಒಂದನ್ನು ತಂದು ಅಂಗಳದಲ್ಲಿ ನನ್ನ ಮುಂದೆ ಇಟ್ಟು, ಏನೈತಿ ಓದು, ಮಂದಿ ನನ್ನ ಮಾರಿ ನೋಡಾಕತ್ತಾರ ಅಂದ. ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ವಕೀಲರು ಈ ಸಲ ಮಾಳಿಗೆಯನ್ನೂ ಹತ್ತಿರಲಿಲ್ಲ ಅಂತ ಕಾಣುತ್ತದೆ. ಅಣ್ಣ ಸುರಪುರದ ಗಟಾರದಲ್ಲಿ ಬಿದ್ದಿದ್ದ ಅಂತ ಬರೆದಿದ್ದರು. ಸ್ಟೇಶನ್ನಿನ ಸೈಕಲ್ ಅಂಗಡಿಯವರು ಎತ್ತಿಗೆ ತಿನಿಸಿದ ಹಾಗೆ ಸವಾರರಿಗೆ ಅಫೀಮು ತಿನಿಸುತ್ತಾರೆ, ಹೋದ ವರ್ಷದ ಗೆಲುವೂ ಹೀಗೇ ಬಂದದ್ದು ಅಂತ ಬರೆದಿದ್ದರು. ಕೊನೆಗೆ ಒಂದು ಖರೆಯ ಮಾತೂ ಇತ್ತು, ಅದೇ ನಮ್ಮನ್ನು ಮುಳುಗಿಸಿತು. ಸರಕಾರಿ ಪರವಾನಗಿಯ ಅಫೀಮಿನ ಅಂಗಡಿಯಲ್ಲಿ ಕೇಳಿ ನೋಡಿದರೆ ಈ ಸವಾರನ ಮನೆಯಿಂದ ತಪ್ಪದೆ ಖರೀದಿ ಇದೆ ಎಂದು ತಿಳಿಯಿತು ಅಂತ.

ಖರೀದಿ ಇತ್ತು. ನಮ್ಮ ಮನೆಯಿಂದ ಇತ್ತು, ಪಕ್ಕದ ಮನೆಯಿಂದ ಇತ್ತು, ಕೂಸು ಇರುವ ಎಲ್ಲ ಮನೆಗಳಿಂದಲೂ ಇತ್ತು. ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸರು ಕೂಸಿನ ನಾಲಿಗೆಗೆ ಒಂದು ಸಾಸಿವೆಯಷ್ಟು ಅಫೀಮು ಸವರಿ, ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಅತ್ತರೆ ಯಾರು ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ಸಾಲು ಯಾರು ಮುಗಿಸಬೇಕು. ಅಣ್ಣನಿಗೂ ಆಗ ಒಂದು ಎಳೆ ಕೂಸಿತ್ತು. ಅವನ ಹೆಂಡತಿ, ನಮ್ಮ ವೈನಿಯ ಉಡಿಯಲ್ಲಿ ಅಡಿಕೆ ಚೀಲದ ಜೊತೆ ಆ ಕರಿ ಚೂರು ಯಾವಾಗಲೂ ಇರುತ್ತಿತ್ತು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಅದು ಸುದ್ದಿ ಅಂತಲೇ ನಮಗೆ ಗೊತ್ತಿರಲಿಲ್ಲ.

ಅವ್ವ ಜೋಳ ಹಸನು ಮಾಡುತ್ತ ಕುಂತಿದ್ದಳು. ಮೊರ ಕೆಳಗಿಟ್ಟಳು.

“ಅದು ನಾ ಕೊಟ್ಟದ್ದು. ಉಂಡ್ಯಾಗ ಹಾಕಿದ್ದೆ.”

“ಗೊತ್ತದ,” ಅಂದ ಅಣ್ಣ. “ಕಹಿ ಇತ್ತು. ಸುಮ್ಕಿರು.”

ಅಂದರೆ ಡಾಕ್ಟರರು ರೆಪ್ಪೆ ಎತ್ತಿದಾಗಲೇ ಅವನಿಗೆ ತಿಳಿದಿತ್ತು. ಅಷ್ಟು ಮಂದಿಯ ನಡುವೆ ಗೊತ್ತಿಲ್ರಿ ಅಂದದ್ದು ಅದಕ್ಕೆ.

ಮರುದಿನ ಚಾಚಾ ಬಂದರು. ಅಂಗಡಿಯ ಮುಂದೆ ನಿಂತು ಮಂದಿ ಅಫೀಮು ಹೆಂಗ ಕೊಡ್ತೀರಿ, ಸೈಕಲ್ಲಿನ ಜೋಡಿ ಪುಕ್ಕಟೇನ್ರಿ ಅಂತ ಚಾಷ್ಟಿ ಮಾಡುತ್ತಿದ್ದರಂತೆ. ಅವರು ಸಿಟ್ಟಿನಿಂದ ಮಾತಾಡಲಿಲ್ಲ. ವಿಚಾರಣೆಯಲ್ಲಿ ಅಣ್ಣ ಮೋಸ ಮಾಡಿದ ಅಂತ ಆದರೆ ತಮ್ಮ ಸೈಕಲ್ಲು ವಾಪಸು ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಪತ್ರಿಕೆ ಬರೆದದ್ದು ಖರೆ ಅಂತ ತಾವೇ ಒಪ್ಪಿದ ಹಾಗಾಗುತ್ತದೆ ಅಂತ ನೆಲ ನೋಡುತ್ತ ಹೇಳಿದರು. ಅಣ್ಣ ಹೌದ್ರಿ ಚಾಚಾ ಅಂದ. ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಚಾಚಾ ಹೋದ ಮೇಲೆ, ನಾನೂ ಕಚೇರಿಗೆ ಬರ್ತೀನಿ ಅಂದಳು.

ಅಣ್ಣ ಬೇಡ ಅಂದ. ನಾನೂ ಬೇಡ ಅಂದೆ. ಅಣ್ಣ ಅವಳ ಸಲುವಾಗಿ ಅಂದ. ನಾನು ಆ ಕಚೇರಿಯಲ್ಲಿಯೇ ನೌಕರಿಗೆ ಅರ್ಜಿ ಹಾಕಿದ್ದೆ.

ವಿಚಾರಣೆಯ ದಿನ ಅವಳು ನಮ್ಮ ಮಾತು ಕೇಳದೆ ಬಂಡಿ ಹತ್ತಿ ಕುಂತಳು, ಕೂಸನ್ನೂ ಎತ್ತಿಕೊಂಡು. ವೈನಿ ಕಳೆಗೆ ಹೋಗಿದ್ದಳು, ಕೂಸನ್ನು ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಕೂಸು ಮಲಗಿತ್ತು. ಕಚೇರಿಯಲ್ಲಿಯೂ ಮಲಗಿತ್ತು. ಸಾಹೇಬರ ಮುಂದೆ ಅಳದೆ ಎಷ್ಟು ಶಾಣ್ಯಾ ಆಗಿದೆ ಅಂತ ನಾನು ಒಳಗೊಳಗೇ ಸಮಾಧಾನ ಪಟ್ಟೆ.

ತಹಸೀಲ್ದಾರರು ಹೈದರಾಬಾದಿನ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ವಕೀಲರು ಬರೆದುಕೊಳ್ಳಲು ಒಂದು ಬದಿಗೆ ಕುಂತಿದ್ದರು. ಚಾಚಾ, ಸುರಪುರದ ಅಂಗಡಿಯವರು, ಡಾಕ್ಟರರು ಎಲ್ಲ ಇದ್ದರು. ಅವ್ವ ಸೆರಗು ತಲೆ ತುಂಬ ಹೊದ್ದು, ನಾ ಹೇಳೋದು ಅದರಿ ಅಂದಳು. ಯಾರು ತರ್ಜುಮೆ ಮಾಡುತ್ತೀರಿ ಅಂತ ಸಾಹೇಬರು ಕೇಳಿದರು. ನನ್ನ ಶೇರವಾನಿ ನೋಡಿ, ನೀವು ಓದಿದವರ ಹಾಗೆ ಕಾಣುತ್ತೀರಿ, ನೀವೇ ಬನ್ನಿ ಅಂದರು. ನಾನು ಎದ್ದು ಅವ್ವನ ಪಕ್ಕದಲ್ಲಿ ನಿಂತೆ. ಈ ಹೆಂಗಸು ಹೀಗೆನ್ನುತ್ತಾಳೆ ಅಂತ ಸುರು ಮಾಡಿದೆ. ಕೋರ್ಟಿನಲ್ಲಿ ಹಾಗೇ ಅನ್ನುವ ರಿವಾಜು.

ಅವ್ವ ಅಂಜದೆ ಹೇಳಿದಳು. ಅಣ್ಣನಿಗೆ ತಿಳಿಯದ ಹಾಗೆ ತಾನೇ ಉಂಡಿಯಲ್ಲಿ ಹಾಕಿದ್ದು, ಚಾಚಾ ಅವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ ಅಂದಳು. ಯಾಕೆ ಹಾಕಿದಿರಿ ಅಂತ ಸಾಹೇಬರು ಕೇಳಿದರು.

“ಮೊಣಕಾಲು ಬಾತಿತ್ತರಿ. ಕೂಸಿಗೆ ಕೊಟ್ರ ನೋವು ಮರೆತು ಮಲಗ್ತದ. ಇವ ಎಷ್ಟು ದೊಡ್ಡಂವಾದ್ರೂ ನನಗ ಕೂಸೇ ಅಲ್ರಿ. ಮೈ ದೊಡ್ಡದು ಅಂತ ಒಂಚೂರು ಜಾಸ್ತಿ ಹಾಕಿದೆ.”

ನಾನು ಅದನ್ನು ಒಳ್ಳೆಯ ಉರ್ದುವಿನಲ್ಲಿ ಹೇಳಿದೆ. ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರರು ನಗಲಿಲ್ಲ. ಅವರು ಎದ್ದು ಬಂದು, ಅವ್ವನ ತೊಡೆಯ ಮೇಲಿದ್ದ ಕೂಸಿನ ಮುಂದೆ ಬಗ್ಗಿ, ಹೆಬ್ಬೆರಳಿನಿಂದ ಅದರ ರೆಪ್ಪೆ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ, ನನಗೂ ಕಂಡಿತು. ಅಣ್ಣನ ಕಣ್ಣಿನ ಹಾಗೇ ಇತ್ತು. ಡಾಕ್ಟರರು ರೆಪ್ಪೆ ಬಿಟ್ಟರು. ಕೂಸು ಏಳಲಿಲ್ಲ.

ಸಾಹೇಬರು ಬಹಳ ಮೆತ್ತಗೆ, ನಿಮ್ಮ ಕಡೆ ಎಲ್ಲರೂ ಹೀಗೆ ಕೊಡುತ್ತಾರೇನು ಅಂತ ಕೇಳಿದರು. ನಾನು ಅವ್ವನಿಗೆ ಕೇಳಿದೆ. ಹೇಳಬೇಡ ಅಂತ ನನ್ನ ಕಣ್ಣಿನಲ್ಲಿ ಇದ್ದಿರಬೇಕು. ಅವಳು ನನ್ನ ಕಣ್ಣು ನೋಡಲಿಲ್ಲ, ಸಾಹೇಬರನ್ನು ನೋಡುತ್ತಿದ್ದಳು.

“ಎಲ್ಲಾರೂ ಕೊಡ್ತಾರ್ರಿ. ನಾನೂ ಎಲ್ಲಾ ಮಕ್ಕಳಿಗೂ ಕೊಟ್ಟೇನಿ. ಇವಂಗೂ ಕೊಟ್ಟೇನಿ, ನಿಮ್ಮ ಮುಂದ ನಿಂತಾನಲ್ಲ, ಬಿ.ಎ. ಮಾಡಿದಂವ.”

ನಾನು ತಲೆ ತಗ್ಗಿಸಿದೆ. ಏನಂದಳು ಅಂತ ಸಾಹೇಬರು ಕೇಳಿದರು. ಕನ್ನಡ ಬಲ್ಲವರೆಲ್ಲ ಆಗಲೇ ನನ್ನನ್ನು ನೋಡುತ್ತಿದ್ದರು. ಹೈದರಾಬಾದಿನಲ್ಲಿ ಕಲಿತ ಉರ್ದುವಿನಲ್ಲಿ, ಒಂದು ಮಾತೂ ಬಿಡದೆ, ಎಲ್ಲ ಮಕ್ಕಳಿಗೂ ಕೊಟ್ಟಿದ್ದೇನೆ, ಈ ತರ್ಜುಮೆ ಮಾಡುವವನಿಗೂ ಕೊಟ್ಟಿದ್ದೇನೆ ಅನ್ನುತ್ತಾಳೆ ಅಂತ ಹೇಳಿದೆ. ನಿಮಗೆ ಇವರು ಏನಾಗಬೇಕು ಅಂದರು ಸಾಹೇಬರು. ತಾಯಿ ಅಂದೆ. ನಾನು ಎಷ್ಟೋ ಪರೀಕ್ಷೆಗಳಲ್ಲಿ ಉತ್ತರ ಹೇಳಿದ್ದೇನೆ. ಅಷ್ಟು ಸಣ್ಣ ಉತ್ತರಕ್ಕೆ ಅಷ್ಟು ಬೆವರಿದ್ದು ಆವತ್ತೊಂದೇ.

ತೀರ್ಮಾನ ಬೇಗ ಆಯಿತು. ಬೆಳ್ಳಿಯ ಬಟ್ಟಲು ಸುರಪುರದ ಸವಾರನಿಗೆ. ಅಣ್ಣ ತಿಳಿದು ಮಾಡಿದ್ದಲ್ಲ, ಮೋಸಗಾರ ಅಲ್ಲ, ಮುಂದಿನ ವರ್ಷ ಓಟಕ್ಕೆ ಬರಬಹುದು. ಚಾಚಾ ಹೊರಗೆ ಬಂದು ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು, ಇದು ನಿನ್ನ ಹತ್ತಿರಾನೇ ಇರಲಿ ಅಂದರು. ಆಮೇಲೆ ಅವ್ವನ ಕಡೆ ತಿರುಗಿದರು.

“ಅಕ್ಕಾ, ಮುಂದಿನ ಸಲ ಬರೇ ಬೆಲ್ಲ ಹಾಕ್ರಿ.”

ಅವ್ವ ನಕ್ಕಳು. ಬಂಡಿಯಲ್ಲಿ ಬರುವಾಗ ಅವಳು ಗೆದ್ದವಳ ಹಾಗೆ ಇದ್ದಳು. ಸೈಕಲ್ಲು ಉಳಿದಿತ್ತು, ಅಣ್ಣನ ಹೆಸರು ಉಳಿದಿತ್ತು. ನಾನು ಬಂಡಿಯ ಹಿಂದೆ ನಡೆದು ಬಂದೆ, ಕಾಲು ಜೋಮು ಹಿಡಿದಿದೆ ಅಂತ ನೆವ ಹೇಳಿ.

ಆದರೆ ವಕೀಲರು ಬರೆದುಕೊಂಡಿದ್ದರಲ್ಲ. ಎರಡನೆಯ ಸಲ ಪತ್ರಿಕೆಯ ಕಟ್ಟು ಬಂದಾಗ ಅಣ್ಣ ಶಹಾಪುರಕ್ಕೆ ಹೋಗುವ ಮೊದಲೇ ಮನೆಯ ಮುಂದೆ ಇಳಿದ. ಒಂದನ್ನು ಎಳೆದು ಕೊಟ್ಟು, ಮೊದಲು ನೀ ಓದು ಅಂದ. ಅವ್ವನೂ ಬಂದು ನಿಂತಳು.

ಅಣ್ಣ ಗಟಾರದಲ್ಲಿ ಬಿದ್ದಿರಲಿಲ್ಲ ಅಂತ ಎಲ್ಲಿಯೂ ಇರಲಿಲ್ಲ. ಚಾಚಾರ ಅಂಗಡಿಯ ಮಾತೂ ಇರಲಿಲ್ಲ. ಅವುಗಳಲ್ಲಿ ಈಗ ರುಚಿ ಉಳಿದಿರಲಿಲ್ಲ. ಈಗಿನದು ಹೊಸ ಸುದ್ದಿ: ಈ ಸೀಮೆಯ ಜಾಹಿಲ್ ತಾಯಂದಿರು ತಮ್ಮ ಕೈಯಾರೆ ಮಕ್ಕಳಿಗೆ ವಿಷ ಉಣಿಸುತ್ತಾರೆ. ಕಚೇರಿಯಲ್ಲಿ ಒಬ್ಬ ಮುದುಕಿ ನಾಚಿಕೆಯಿಲ್ಲದೆ ಅದನ್ನು ಒಪ್ಪಿಕೊಂಡಳು. ನಮ್ಮ ಊರಿನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ನನ್ನ ಬಗ್ಗೆ. ಆ ಕತ್ತಲೆಯ ಮನೆಯಲ್ಲಿ ಹುಟ್ಟಿದ ಒಂದು ದೀಪ, ಪದವೀಧರ ಯುವಕ, ಸುಸಂಸ್ಕೃತ ಭಾಷೆಯಲ್ಲಿ ತರ್ಜುಮೆ ಮಾಡುತ್ತ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ ದೃಶ್ಯ ಕರುಣಾಜನಕವಾಗಿತ್ತು ಅಂತ. ಅದು ಖರೆ. ನಾನು ಹಾಗೇ ನಿಂತಿದ್ದೆ. ಆ ವಕೀಲರು ಅಷ್ಟು ಸುದ್ದಿ ಬರೆದರಲ್ಲ, ಕಣ್ಣಾರೆ ಕಂಡು ಬರೆದದ್ದು ಅದೊಂದೇ.

ಜಾಹಿಲ್ ಅಂದರೆ ಅಕ್ಷರವಿಲ್ಲದ ಮೂಢರು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವ್ವ ಯಾರಿಗೆ ಅಂದಾರ ಅಂತ ಕೇಳಿದಳು. ನಿನಗ ಅಂದೆ.

“ಮತ್ತ ನಿನಗ?”

“ದೀಪ ಅಂದಾರ.”

ಅವಳು ಸ್ವಲ್ಪ ಹೊತ್ತು ಪತ್ರಿಕೆಯನ್ನು ನೋಡಿದಳು, ಓದುವವರ ಹಾಗೆ.

“ಇಬ್ಬರೂ ಒಂದೇ ಮನ್ಯಾಗಿನವರು ಅಂತ ಬರದಾರೇನು?”

ಬರದಾರ ಅಂದೆ. ಅಣ್ಣ ಕಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಇವತ್ತೊಂದು ದಿನ ಹೊಳಿಗೆ ಒಗೆದು ಬರ್ಲೇನು ಅಂದ. ಅವನು ಕಟ್ಟನ್ನು ಹೊಳೆಗೆ ಎಸೆದೇ ಬಿಡುತ್ತಿದ್ದ, ನನಗೆ ಸಂಶಯವಿಲ್ಲ. ಕೆಲಸ ಹೋದರೂ ಎಸೆಯುತ್ತಿದ್ದ.

“ಒಯ್ದು ಹಂಚು. ಮಂದಿ ಹಾದಿ ಕಾಯ್ತಿರತಾರ,” ಅಂದಳು ಅವ್ವ.

ಹಂಚಿದ. ಆಮೇಲೆ ಓಣಿಯ ಹೆಂಗಸರು ಅವ್ವನ ಜೊತೆ ಮಾತು ಬಿಟ್ಟರು. ಸುಳ್ಳು ಹೇಳಿದಳು ಅಂತ ಅಲ್ಲ, ಊರ ಹೆಂಗಸರ ಉಡಿಯೊಳಗಿನದನ್ನು ಕಚೇರಿಯಲ್ಲಿ ಬಿಚ್ಚಿ ಹಾಕಿದಳು ಅಂತ. ಅಫೀಮಿನ ಅಂಗಡಿಗೆ ಅವರೆಲ್ಲ ಮೊದಲಿನ ಹಾಗೇ ಹೋದರು, ಈಗ ಸೆರಗು ಮುಖದ ಮೇಲೆ ಎಳೆದುಕೊಂಡು. ಮುಂದಿನ ವರ್ಷ ಓಟ ನಡೆಯಲಿಲ್ಲ. ಆ ವರ್ಷ ಎಲ್ಲೆಲ್ಲೂ ಗಲಭೆ, ನಮ್ಮ ಸೀಮೆಯಲ್ಲಿ ಯಾರಿಗೂ ಆಟದ ಮನಸ್ಸಿರಲಿಲ್ಲ, ಮಂದಿ ಜೀವ ಉಳಿಸಿಕೊಂಡರೆ ಸಾಕಾಗಿತ್ತು. ಆಮೇಲೆ ನಿಜಾಮರ ರಾಜ್ಯವೇ ಹೋಯಿತು, ಸಾಲಗಿರಾವೂ ಹೋಯಿತು. ತಾನು ಬರೇ ಬೆಲ್ಲ ತಿಂದೂ ಗೆಲ್ಲಬಲ್ಲೆ ಅಂತ ತೋರಿಸಲು ಅಣ್ಣನಿಗೆ ರಸ್ತೆಯೇ ಸಿಗಲಿಲ್ಲ. ಅವನು ತಲೆ ನರೆತ ಮೇಲೂ ಅದೇ ಸೈಕಲ್ಲಿನ ಮೇಲೆ ಹೋಗುವಾಗ ಶಹಾಪುರದ ಹಳಬರು, ಸುರಪುರ ಇನ್ನ ಎಷ್ಟು ದೂರ ಅದಪ್ಪೋ ಅಂತ ಕೇಳುತ್ತಿದ್ದರು. ಅವನು ಬೆಲ್ಲು ಬಾರಿಸಿ ಹೋಗುತ್ತಿದ್ದ.

ಅವ್ವ ಕೂಸಿಗೆ ಅಫೀಮು ಕೊಡುವುದನ್ನು, ಡಾಕ್ಟರರು ಅದರ ರೆಪ್ಪೆ ಎತ್ತಿ ನೋಡಿದ ದಿನದಿಂದಲೇ ಬಿಟ್ಟಳು, ವೈನಿಯಿಂದಲೂ ಬಿಡಿಸಿದಳು. ಹೊಲದಲ್ಲಿ ಎಲ್ಲರ ಕೂಸುಗಳು ಬೇವಿನ ಗಿಡದ ಕೆಳಗೆ ಮಲಗಿದರೆ ನಮ್ಮದೊಂದೇ ಅಳುತ್ತಿತ್ತು. ತಹಸೀಲ್ದಾರರನ್ನು ಕರೀರಿ, ತೊಟ್ಟಿಲು ತೂಗ್ಲಿ ಅಂತ ಹೆಂಗಸರು ಚುಚ್ಚುತ್ತಿದ್ದರು. ಅವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ತನ್ನ ಸಾಲು ಮುಗಿಸುತ್ತಿದ್ದಳು.

ನನಗೆ ನೌಕರಿ ಸಿಕ್ಕಿತು, ಆ ಕಚೇರಿಯಲ್ಲಲ್ಲ, ಗುಲ್ಬರ್ಗಾದಲ್ಲಿ. ಮದುವೆಯಾಯಿತು, ಮಕ್ಕಳಾದವು. ಅವ್ವ ಬಂದು ಇರುತ್ತಿದ್ದಳು. ಮಗು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಸಾಕು, ಎದ್ದು ಹೋಗಿ ಅದರ ಹತ್ತಿರ ಕುಂತು, ಹೆಬ್ಬೆರಳಿನಿಂದ ರೆಪ್ಪೆ ಎತ್ತಿ ನೋಡುತ್ತಿದ್ದಳು. ಥೇಟ್ ಆ ಡಾಕ್ಟರರ ಹಾಗೆ. ಮಗು ಬೆಚ್ಚಿ ಎದ್ದು ಅಳುತ್ತಿತ್ತು. ಓದಿದ ಮನೆಯಿಂದ ಬಂದ ನನ್ನ ಹೆಂಡತಿಗೆ ಇದು ತಿಳಿಯುತ್ತಿರಲಿಲ್ಲ. ಮಲಗಿದ ಮಗುವನ್ನು ಯಾಕೆ ಎಬ್ಬಿಸ್ತಾರೆ, ನೀವಾದ್ರೂ ಹೇಳ್ರಿ ಅಂತ ನನ್ನ ಮೇಲೆ ಹರಿಹಾಯುತ್ತಿದ್ದಳು. ನಾನು ಪತ್ರಿಕೆ ಓದುತ್ತ ಕುಂತಿರುತ್ತಿದ್ದೆ. ಅವ್ವ ಅಳುವ ಮಗುವನ್ನು ಎತ್ತಿಕೊಂಡು, ಅಳ್ಲಿ ಬಿಡವ್ವ ಅನ್ನುತ್ತಿದ್ದಳು.